ಕರದಂಟಿಗಿರುವ ಅವಧಿ ಮೊಬೈಲಿಗೇಕಿಲ್ಲ?

ಗೋಕಾಕದ ಕರದಂಟಿನ ಪೊಟ್ಟಣದ ಮೇಲೆ ಅದನ್ನು ಯಾವಾಗ ತಯಾರಿಸಿದರು, ಯಾವಾಗಿನವರೆಗೆ ತಿನ್ನಬಹುದು ಎಂದು ಅಚ್ಚು ಹಾಕಲೇಬೇಕು. ಕಾನೂನು ಹಾಗಿದೆ. ಆದರೆ ಸಾವಿರಾರು ರೂಪಾಯಿಯ ಮೊಬೈಲಿಗೆ ಕಂಪೆನಿಯ ಬೆಂಬಲ ಎಷ್ಟು ವರ್ಷ ಇರುತ್ತದೆ ಎಂದು ಡಬ್ಬಿಯ ಮೇಲೆ ಬರೆಯಬೇಕೆಂಬ ಕಡ್ಡಾಯ ನಮ್ಮಲ್ಲಿಲ್ಲ. ಈ ಮೌನಕ್ಕೆ ಬೆಲೆ ತೆರುತ್ತಿರುವವರು ಬಡವರು.

ಜಿಯೋ ಫೋನನ್ನೇ ನೋಡೋಣ. 2017ರಲ್ಲಿ 1500 ರೂ. ಠೇವಣಿಗೆ ಈ ಕೀಪ್ಯಾಡ್ ಫೋನ್ ಬಂತು. 2018ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ವಾಟ್ಸ್ಆಪ್ ಸೇರಿತು. ಹತ್ತು ಕೋಟಿ ಗ್ರಾಹಕರನ್ನು ತಲುಪಿದ್ದೇವೆಂದು ಕಂಪೆನಿ 2021ರಲ್ಲಿ ಹೇಳಿಕೊಂಡಿತು. 2024ರ ಜೂನ್‌ನಲ್ಲಿ ವಾಟ್ಸ್ಆಪ್, ಈ ಬಗೆಯ ಫೋನ್‌ಗಳಿಗೆ ಹೊಸದಾಗಿ ತನ್ನನ್ನು ಇಳಿಸಿಕೊಳ್ಳುವುದನ್ನು ನಿಲ್ಲಿಸಿತು. ಈಗಾಗಲೇ ಬಳಸುತ್ತಿದ್ದವರಿಗೂ 2025ರ ಆರಂಭದವರೆಗೆ ಮಾತ್ರ ಗಡುವು ನೀಡಿತು.

ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಗಳಲ್ಲಿ ಇದರ ಅರ್ಥವೇನು? ಬ್ಯಾಟರಿ ಚೆನ್ನಾಗಿದೆ, ಪರದೆ ಬೆಳಗುತ್ತದೆ, ಗುಂಡಿಗಳು ಸವೆದಿಲ್ಲ. ಆದರೆ ದೂರದೂರಿಗೆ ದುಡಿಯಲು ಹೋದ ಮಗ ಕಳಿಸುವ ಫೋಟೊ ತಾಯಿಗೆ ತಲುಪುವುದಿಲ್ಲ. ಸಂತೆ ಪೇಟೆಯ ರಿಪೇರಿ ಅಂಗಡಿಯವನು ಬ್ಯಾಟರಿ ಬದಲಿಸಬಲ್ಲ, ಒಡೆದ ಗಾಜು ಕೂರಿಸಬಲ್ಲ. ಈ ಬೀಗದ ಕೈ ಮಾತ್ರ ಅವನ ಬಳಿ ಇಲ್ಲ. ಅದು ಕಡಲಾಚೆಯ ಕಂಪೆನಿಯ ಬಳಿ ಇದೆ.

ಹಳೆಯ ಸಾಫ್ಟ್‌ವೇರ್ ಸುರಕ್ಷಿತವಲ್ಲ, ಅದನ್ನು ನೋಡಿಕೊಳ್ಳುವುದು ದುಬಾರಿ ಎಂದು ಕಂಪೆನಿಗಳು ಹೇಳುತ್ತವೆ. ಅದರಲ್ಲಿ ಸತ್ಯಾಂಶವಿದೆ. ಹಾಗಾದರೆ ಮಾರುವ ದಿನವೇ ಅದನ್ನು ಹೇಳಬಾರದೇಕೆ? ಯುರೋಪ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮದಂತೆ, ಒಂದು ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ಅದರ ಮೂಲ ಸಾಫ್ಟ್‌ವೇರನ್ನು ನವೀಕರಿಸಬೇಕು. ನಮ್ಮ ಕೇಂದ್ರ ಸರಕಾರ 2022ರಲ್ಲಿ ದುರಸ್ತಿಯ ಹಕ್ಕಿನ ಕುರಿತು ಸಮಿತಿ ರಚಿಸಿತು, ಒಂದು ಪೋರ್ಟಲನ್ನೂ ತೆರೆಯಿತು. ಅದು ಇನ್ನೂ ಹಕ್ಕಾಗಿಲ್ಲ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಸತ್ತ ಸಾಧನದ ಹೊಣೆಯನ್ನು ಉತ್ಪಾದಕನ ಮೇಲೆ ಹೊರಿಸುತ್ತವೆ. ಬದುಕಿರುವ ಸಾಧನವನ್ನು ಅಕಾಲದಲ್ಲಿ ಕೊಲ್ಲಬೇಡ ಎನ್ನುವವರು ಯಾರೂ ಇಲ್ಲ!

ಇದೇ ನೆಲದಲ್ಲಿ ಬೇರೊಂದು ಮಾದರಿಯಿದೆ. 1969ರಿಂದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇಲ್ಲಿನ ಮನೆ, ಹೊಲಗಳಿಗೆ ಕರೆಂಟ್ ಹಂಚುತ್ತಿದೆ. ಅದರ ಚುನಾವಣೆಗಳಲ್ಲಿ ರಾಜಕೀಯದ ಕಾವು ಎಷ್ಟೇ ಇರಲಿ, ಕರೆಂಟ್ ಬಳಸುವ ಸದಸ್ಯನಿಗೆ ಒಂದು ಮತವಿದೆ, ಎದ್ದು ನಿಂತು ಕೇಳಲು ಒಂದು ಸಭೆಯಿದೆ. ಫೋನ್ ಕೊಂಡ ತಾಯಿಗೆ ಯಾವ ಸಭೆಯಿದೆ?

ಸರಕಿನ ದೋಷವನ್ನು ಮುಚ್ಚಿಟ್ಟು ಮಾರುವುದನ್ನು ಇಸ್ಲಾಮ್ ನಿಷೇಧಿಸಿದೆ. ಆಯುಷ್ಯವನ್ನು ಮುಚ್ಚಿಟ್ಟು ಮಾರುವುದೂ ಅದೇ ಸಾಲಿಗೆ ಸೇರುತ್ತದೆಂದು ನಾವು ಭಾವಿಸುತ್ತೇವೆ. ವ್ಯಾಪಾರವೆಂದರೆ ಕೊಟ್ಟು ಪಡೆದು ಮುಗಿಯುವ ವಹಿವಾಟಲ್ಲ. ಕೊಂಡವನ ವಿಶ್ವಾಸ ಮಾರಿದವನ ಕೈಯಲ್ಲಿರುವ ಅಮಾನತ್ತು. ದುಂದುವೆಚ್ಚ ಮಾಡಬೇಡಿ ಎಂದು ಜನರಿಗೆ ಬೋಧಿಸುವ ನಾವು, ದುಂದನ್ನು ಬಲವಂತವಾಗಿ ಹೇರುವವರನ್ನು ಪ್ರಶ್ನಿಸದಿದ್ದರೆ ಆ ಬೋಧನೆಗೆ ಅರ್ಥವಿಲ್ಲ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಬೆಂಬಲ ಮುಗಿಯುವ ತಾರೀಕು ಡಬ್ಬಿಯ ಮೇಲೆ ಕನ್ನಡದಲ್ಲಿ ಇರಲಿ. ಅದಕ್ಕೆ ಮೊದಲೇ ಕೈಬಿಟ್ಟರೆ ಪರಿಹಾರ ಸಿಗಲಿ. ಕಾನೂನು ಬರುವವರೆಗೆ ಅಂಗಡಿಯಲ್ಲಿ ಬೆಲೆ ಕೇಳುವ ಮುನ್ನ ಇದನ್ನು ಕೇಳೋಣ: ಇದು ಎಷ್ಟು ವರ್ಷ ನಡೆಯುತ್ತದೆ?