ಹೆರ್ಮೋನ್ ಬೆಟ್ಟಕ್ಕೆ ಇಳಿದವರು

ಸೈತಾನ ಸೊಕ್ಕಿನಿಂದ ದೇವರ ಮೇಲೆ ತಿರುಗಿಬಿದ್ದ, ಸ್ವರ್ಗದಿಂದ ತಳ್ಳಿಸಿಕೊಂಡ ಎಂಬ ಕತೆ ಹೀಬ್ರೂ ಬೈಬಲಿನ ಯಾವ ಅಧ್ಯಾಯದಲ್ಲಿದೆ ಎಂದು ಹುಡುಕಹೊರಟವರು ಬರಿಗೈಯಲ್ಲಿ ವಾಪಸಾಗಬೇಕಾಗುತ್ತದೆ. ಆಧಾರವೆಂದು ಎಲ್ಲರೂ ತೋರಿಸುವ ಯೆಶಾಯನ 14ನೆಯ ಅಧ್ಯಾಯ ಬಾಬಿಲೋನಿನ ಅರಸನನ್ನು ಅಣಕಿಸಿ ಹಾಡಿದ್ದು. ಯೆಹೆಜ್ಕೇಲನ 28ನೆಯ ಅಧ್ಯಾಯದ ಶೋಕಗೀತೆ ತೂರ್ ಪಟ್ಟಣದ ಅರಸನನ್ನು ಕುರಿತದ್ದು. ಯೋಬನ ಕತೆಯಲ್ಲಿ ಬರುವ ಸೈತಾನನಂತೂ ಇನ್ನೂ ದೇವರ ಸಭೆಯಲ್ಲೇ ಓಡಾಡಿಕೊಂಡಿದ್ದಾನೆ. ಮನುಷ್ಯರ ಮೇಲೆ ಆರೋಪ ಹೊರಿಸುವುದು ಅಲ್ಲಿ ಅವನ ಕೆಲಸ. ಇಬ್ಬರು ಅರಸರ ಮೇಲಿನ ಹಾಡುಗಳನ್ನು ಸೈತಾನನ ಪೂರ್ವಚರಿತ್ರೆ ಎಂದು ಓದುವ ರೂಢಿ ಹಾಕಿದವರಲ್ಲಿ ಮುಖ್ಯನಾದವನು ಮೂರನೆಯ ಶತಮಾನದ ಕ್ರೈಸ್ತ ಪಂಡಿತ ಒರಿಜೆನ್.

ಪತಿತ ದೂತರ ಮೊದಲ ದೊಡ್ಡ ಕತೆ ಬೇರೆಯದೇ ಇದೆ. ಅದರಲ್ಲಿ ಸೈತಾನನಿಲ್ಲ, ದೇವರ ಸಿಂಹಾಸನಕ್ಕೆ ಆಸೆಪಟ್ಟವರೂ ಇಲ್ಲ. ಹನೋಕನ ಹೆಸರಿನಲ್ಲಿ ಉಳಿದುಬಂದಿರುವ ಗ್ರಂಥದ ಮೊದಲ 36 ಅಧ್ಯಾಯಗಳಲ್ಲಿ ಆ ಕತೆ ಇದೆ. ವಿದ್ವಾಂಸರು ಈ ಭಾಗವನ್ನು ಕಾವಲುಗಾರರ ಪುಸ್ತಕ ಎನ್ನುತ್ತಾರೆ. ಕ್ರಿ.ಪೂ. ಮೂರನೆಯ ಶತಮಾನದ ಹೊತ್ತಿಗೆ ಅರಾಮಿಕ್ ಭಾಷೆಯಲ್ಲಿ ರೂಪುಗೊಂಡ ಬರಹ. ಆಮೇಲೆ ಇದನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದ ಸೊಕ್ಕಿನ ಸೈತಾನನ ಕತೆಗಿಂತ ಇದು ಎಷ್ಟೋ ಪ್ರಬುದ್ಧವಾದದ್ದು ಎಂಬುದು ನನ್ನ ಅಭಿಪ್ರಾಯ. ಕುಂದುಗಳೂ ಬೇಕಾದಷ್ಟಿವೆ.

ಕತೆಯ ಬೀಜ ಆದಿಕಾಂಡದ ಆರನೆಯ ಅಧ್ಯಾಯದ ಮೊದಲ ನಾಲ್ಕು ವಚನಗಳಲ್ಲಿದೆ. ದೇವಪುತ್ರರು ಮನುಷ್ಯರ ಹೆಣ್ಣುಮಕ್ಕಳ ಚೆಲುವಿಗೆ ಸೋತು ಅವರನ್ನು ಮದುವೆಯಾದರು, ಆ ಕಾಲದಲ್ಲಿ ಭೂಮಿಯ ಮೇಲೆ ದೈತ್ಯರಿದ್ದರು ಎಂದಷ್ಟೇ ಹೇಳಿ ಆದಿಕಾಂಡ ಜಲಪ್ರಳಯದತ್ತ ಹೊರಟುಬಿಡುತ್ತದೆ. ಅದು ತಪ್ಪೋ ಸರಿಯೋ ಎಂಬ ಮಾತನ್ನೂ ಆಡುವುದಿಲ್ಲ. ಹನೋಕ ಗ್ರಂಥದ ಕತೆಗಾರ ಈ ಬಿಟ್ಟ ಜಾಗದಲ್ಲಿ ಕೂತು ಬರೆದಿದ್ದಾನೆ.

ಅವನ ಕೈಚಳಕ ತಿಳಿಯಬೇಕಾದರೆ ಹನೋಕ ಗ್ರಂಥದ ಆರನೆಯ ಅಧ್ಯಾಯದಲ್ಲಿ ಬರುವ ಪ್ರಮಾಣದ ಪ್ರಸಂಗ ನೋಡಬೇಕು. ಇನ್ನೂರು ದೂತರು ಭೂಮಿಗಿಳಿಯಲು ಮನಸ್ಸು ಮಾಡಿದ್ದಾರೆ. ಅವರ ನಾಯಕ ಶೆಮಿಹಜನಿಗೆ ಒಳಗೊಳಗೇ ಅಳುಕು. ನೀವೆಲ್ಲ ಕಡೆಗಳಿಗೆಯಲ್ಲಿ ಹಿಂದೆ ಸರಿದರೆ ಇಷ್ಟು ದೊಡ್ಡ ಪಾಪಕ್ಕೆ ನಾನೊಬ್ಬನೇ ತಲೆಕೊಡಬೇಕಾದೀತು ಎನ್ನುತ್ತಾನೆ. ಹಾಗಾದರೆ ಎಲ್ಲರೂ ಪ್ರಮಾಣ ಮಾಡೋಣ, ಮಾತಿಗೆ ತಪ್ಪಿದವನಿಗೆ ಶಾಪ ತಟ್ಟಲಿ ಎಂದು ಉಳಿದವರು ಒಪ್ಪುತ್ತಾರೆ. ಹೆರ್ಮೋನ್ ಬೆಟ್ಟದ ತುದಿಯಲ್ಲಿ ಆಣೆಯಾಗುತ್ತದೆ. ಕೈಹಾಕುವ ಕೆಲಸ ಪಾಪವೆಂದು ಎಲ್ಲರಿಗೂ ಮೊದಲೇ ಗೊತ್ತು. ಹೆದರಿಕೆ ಇರುವುದು ಒಬ್ಬನೇ ಸಿಕ್ಕಿಬೀಳುವುದರ ಬಗ್ಗೆ. ಗುಂಪುಗೂಡಿ ಅನ್ಯಾಯ ಮಾಡುವವರ ಮನಸ್ಸನ್ನು ಇಷ್ಟು ಕಡಿಮೆ ಮಾತಿನಲ್ಲಿ ಹಿಡಿದದ್ದು ಪ್ರಾಚೀನ ಧಾರ್ಮಿಕ ಬರಹದಲ್ಲಿ ಅಪರೂಪ.

ಇಳಿದ ಮೇಲೆ ಆಗುವ ಹಾನಿ ಎರಡು ಬಗೆಯದು. ಅಸಾಯೇಲನೆಂಬ ದೂತ ಕತ್ತಿ, ಗುರಾಣಿ, ಎದೆಗವಚ ಮಾಡುವುದನ್ನು ಕಲಿಸುತ್ತಾನೆ. ಕೈಬಳೆ, ಕಣ್ಣಿಗೆ ಹಚ್ಚುವ ಕಾಡಿಗೆ, ಬಣ್ಣಗಳ ವಿದ್ಯೆಯನ್ನೂ ಅವನೇ ಕೊಡುತ್ತಾನೆ. ಮಿಕ್ಕವರು ಮಾಟಮಂತ್ರ, ಬೇರುನಾರಿನ ಮದ್ದು, ನಕ್ಷತ್ರದ ಶಕುನ ಹೇಳಿಕೊಡುತ್ತಾರೆ. ಇನ್ನೊಂದೆಡೆ ಇವರಿಗೆ ಹುಟ್ಟಿದ ದೈತ್ಯರು ಮೊದಲು ಜನರ ದುಡಿಮೆಯ ಫಲವನ್ನೆಲ್ಲ ತಿಂದು ಮುಗಿಸುತ್ತಾರೆ, ಅದು ಸಾಲದಾದಾಗ ಜನರನ್ನೇ ತಿನ್ನುತ್ತಾರೆ, ಕೊನೆಗೆ ಒಬ್ಬರನ್ನೊಬ್ಬರು. ಈ ಕ್ರಮವನ್ನು ಗಮನಿಸಬೇಕು. ಕ್ರಿ.ಪೂ. 323ರಲ್ಲಿ ಅಲೆಕ್ಸಾಂಡರ್ ಸತ್ತ ಮೇಲೆ ಅವನ ಸೇನಾಪತಿಗಳು ಹತ್ತಾರು ವರ್ಷ ಹೊಡೆದಾಡಿದರು, ಪ್ಯಾಲೆಸ್ಟೈನಿನ ನೆಲ ಅವರ ಕಾಲಡಿ ಮತ್ತೆ ಮತ್ತೆ ತುಳಿತಕ್ಕೆ ಸಿಕ್ಕಿತು. ದೇವರ ಅಂಶದವರೆಂದು ಹೇಳಿಕೊಳ್ಳುತ್ತಿದ್ದ ಆ ದಂಡಾಳು ರಾಜರೇ ಕತೆಯ ದೈತ್ಯರಿಗೆ ಮಾದರಿ ಎಂದು ವಿದ್ವಾಂಸ ಜಾರ್ಜ್ ನಿಕಲ್ಸ್‌ಬರ್ಗ್ ವಾದಿಸಿದ್ದಾರೆ. ಸಾಕ್ಷಿ ಸಮೇತ ಸಾಬೀತುಮಾಡುವ ಸಂಗತಿ ಇದಲ್ಲ. ಆದರೂ ಬೆಳೆ, ದವಸ ಮೊದಲು, ಪ್ರಾಣ ಆಮೇಲೆ ಎಂಬ ಲೂಟಿಯ ಕ್ರಮ ದಂಡು ಹಾದುಹೋದ ಊರಿನವರಿಗೆ ಮಾತ್ರ ಗೊತ್ತಿರುವಂಥದ್ದು. ಹಾಗಾಗಿ ಈ ವಾದ ನನಗೆ ಒಪ್ಪಿಗೆಯಾಗುತ್ತದೆ.

ಕತೆಯ ಧೈರ್ಯ ಕಾಣುವುದು ಮುಂದೆ. ಭೂಮಿಯೇ ದೂರು ಕೊಡುತ್ತದೆ. ಸತ್ತವರ ಮೊರೆ ಸ್ವರ್ಗದ ಬಾಗಿಲು ಮುಟ್ಟುತ್ತದೆ. ಆಗ ಮೀಕಾಯೇಲ, ಗಬ್ರಿಯೇಲ ಮೊದಲಾದ ನಾಲ್ವರು ಪ್ರಧಾನ ದೂತರು ದೇವರ ಮುಂದೆ ನಿಂತು, ಎಲ್ಲವೂ ನಿನಗೆ ಮೊದಲೇ ತಿಳಿದಿರುತ್ತದೆ, ಕಣ್ಣಾರೆ ನೋಡಿಯೂ ಸುಮ್ಮನಿದ್ದೀಯೆ, ನಾವೇನು ಮಾಡಬೇಕೆಂದೂ ಹೇಳುತ್ತಿಲ್ಲ ಎಂಬರ್ಥದ ಮಾತಾಡುತ್ತಾರೆ. ಕೇಳಿದವರಿಗೆ ಶಿಕ್ಷೆ ಆಗುವುದಿಲ್ಲ, ಉತ್ತರ ಸಿಗುತ್ತದೆ. ಪ್ರಶ್ನೆ ಕೇಳುವುದನ್ನೇ ದಂಗೆ ಎನ್ನುವ ಕತೆ ಇನ್ನೂ ಹುಟ್ಟಿರಲಿಲ್ಲ.

ಇದಕ್ಕಿಂತಲೂ ನನಗೆ ಮೆಚ್ಚುಗೆಯಾದದ್ದು ಅರ್ಜಿಯ ಪ್ರಸಂಗ. ತಮ್ಮನ್ನು ಕಟ್ಟಿಹಾಕುವ ತೀರ್ಪು ಗೊತ್ತಾದಾಗ ಭೂಮಿಗಿಳಿದ ದೂತರಿಗೆ ನಾಚಿಕೆಯಿಂದ ಆಕಾಶದ ಕಡೆ ಕಣ್ಣೆತ್ತಲಾಗುವುದಿಲ್ಲ. ನಮ್ಮ ಪರವಾಗಿ ಒಂದು ಬಿನ್ನವತ್ತಳೆ ಬರೆದುಕೊಡು ಎಂದು ಲಿಪಿಕಾರ ಹನೋಕನನ್ನು ಅಂಗಲಾಚುತ್ತಾರೆ. ಅವನು ಹೆರ್ಮೋನಿನ ತಪ್ಪಲಲ್ಲಿ, ದಾನ್ ಎಂಬಲ್ಲಿನ ನೀರಿನ ಬಳಿ ಕೂತು, ಬರೆದದ್ದನ್ನು ಓದುತ್ತ ಓದುತ್ತ ನಿದ್ದೆಹೋಗುತ್ತಾನೆ. ಕನಸಿನಲ್ಲಿ ಉತ್ತರ ಬರುತ್ತದೆ: ಮನುಷ್ಯರಿಗಾಗಿ ಬೇಡಿಕೊಳ್ಳಬೇಕಾದವರು ನೀವು, ನಿಮಗಾಗಿ ಮನುಷ್ಯ ಬೇಡುವುದೇ? ಅರ್ಜಿ ವಜಾ. ಅಪರಾಧಿಗಳ ಮೇಲೆ ನಮಗೆ ಕನಿಕರ ಹುಟ್ಟಿಸಿಯೂ ತೀರ್ಪನ್ನು ಸಡಿಲಿಸದ ಬರವಣಿಗೆ ಇದು. ನಮ್ಮ ಓದುಗರಿಗೆ ಇಲ್ಲಿ ವೈಕುಂಠದ ದ್ವಾರಪಾಲಕರಾದ ಜಯವಿಜಯರು ನೆನಪಾಗಬಹುದು. ಹೋಲಿಕೆ ದೂರ ಹೋಗುವುದಿಲ್ಲ. ಅವರಿಗೆ ಮೂರು ಜನ್ಮದ ನಂತರ ಮರಳುವ ದಾರಿ ಇತ್ತು, ಇವರಿಗಿಲ್ಲ.

ಇನ್ನು ಕುಂದುಗಳು. ಎರಡು ಕತೆಗಳನ್ನು ತಂದು ಹೊಲಿದ ಗುರುತು ಎದ್ದು ಕಾಣುತ್ತದೆ. ಒಂದರಲ್ಲಿ ಕಾಮದಿಂದ ಕೆಟ್ಟ ಶೆಮಿಹಜ ಮುಖ್ಯ, ಇನ್ನೊಂದರಲ್ಲಿ ಗುಟ್ಟಿನ ವಿದ್ಯೆ ಬಿಟ್ಟುಕೊಟ್ಟ ಅಸಾಯೇಲ. ಎಲ್ಲ ಪಾಪವನ್ನೂ ಅಸಾಯೇಲನ ಲೆಕ್ಕಕ್ಕೆ ಬರೆ ಎಂದು ಹತ್ತನೆಯ ಅಧ್ಯಾಯದಲ್ಲಿ ದೇವರು ಹೇಳುವಾಗ ಮಿಕ್ಕವರ ಪ್ರಮಾಣದ ಗತಿ ಏನಾಯಿತು ಎಂಬ ಪ್ರಶ್ನೆ ಏಳುತ್ತದೆ. ದೊಡ್ಡ ಕೊರತೆ ಹೆಂಗಸರದು. ಅವರಿಗೆ ಹೆಸರಿಲ್ಲ, ಮಾತಿಲ್ಲ. ಬೇಕು ಬೇಡ ಎಂದು ಯಾರೂ ಕೇಳುವುದಿಲ್ಲ. ಅಷ್ಟಿದ್ದೂ ಕೆಟ್ಟ ಹೆಸರು ಮಾತ್ರ ಅವರ ಪಾಲಿಗೆ ಬರುತ್ತದೆ. ಕ್ರಿ.ಶ. 200ರ ಆಸುಪಾಸಿನಲ್ಲಿ ಕಾರ್ತೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್ ಇದೇ ಗ್ರಂಥವನ್ನು ಮುಂದಿಟ್ಟುಕೊಂಡು ಹೆಂಗಸರ ಒಡವೆ ಕಾಡಿಗೆಗಳನ್ನು ಬೈದ. ಕತ್ತಿಯ ವಿದ್ಯೆ ಕಲಿತ ಗಂಡಸರ ಮೇಲೆ ಆ ಸಿಟ್ಟು ಹರಿಯಲಿಲ್ಲ. 17ನೆಯ ಅಧ್ಯಾಯದಿಂದಾಚೆಗೆ ಹನೋಕ ಲೋಕದಂಚುಗಳನ್ನು ಸುತ್ತುವ ಪ್ರವಾಸವೂ ಎಳೆದಂತಾಗಿದೆ. ಅಲ್ಲಿ ತಪ್ಪಿಸಬಾರದ್ದು 32ನೆಯ ಅಧ್ಯಾಯ. ಏದೆನಿನ ಜ್ಞಾನವೃಕ್ಷ ಹನೋಕನ ಕಣ್ಣಿಗೆ ಬೀಳುತ್ತದೆ. ನಿನ್ನ ಹಿರಿಯರು ಇದರ ಹಣ್ಣು ತಿಂದು ತಿಳಿವಳಿಕೆ ಪಡೆದರು, ತೋಟದಿಂದ ಹೊರಹಾಕಲ್ಪಟ್ಟರು ಎಂದು ದೂತ ಹೇಳಿ ಮುಂದೆ ಸಾಗುತ್ತಾನೆ. ಹಾವಿನ ಮಾತಿಲ್ಲ, ಜಗತ್ತಿನ ಕೇಡಿಗೆಲ್ಲ ಅದೇ ಮೂಲ ಎಂಬ ಮಾತೂ ಇಲ್ಲ.

ಈ ಕತೆ ಮರೆಗೆ ಸರಿದದ್ದು ಹೇಗೆ? ಹೊಸ ಒಡಂಬಡಿಕೆಯ ಯೂದನ ಪತ್ರ ಹನೋಕನ ಮಾತನ್ನು ಹೆಸರು ಹೇಳಿಯೇ ಎತ್ತಿಕೊಳ್ಳುತ್ತದೆ. ಪೇತ್ರನ ಎರಡನೆಯ ಪತ್ರಕ್ಕೂ ಬಂಧಿತ ದೂತರು ಗೊತ್ತು. ಆದರೆ ದೂತರಿಗೂ ಸ್ತ್ರೀಯರಿಗೂ ಸಂಬಂಧ ಎಂಬುದು ಯೆಹೂದಿ ರಬ್ಬಿಗಳಿಗೆ ಸಹಿಸಲಾಗಲಿಲ್ಲ. ಕ್ರೈಸ್ತ ಗುರು ಆಗಸ್ಟೀನ್ ಐದನೆಯ ಶತಮಾನದಲ್ಲಿ ಬರೆದ ‘ದೇವರ ನಗರ’ ಎಂಬ ಕೃತಿಯಲ್ಲಿ, ಆದಿಕಾಂಡದ ದೇವಪುತ್ರರು ಆದಾಮನ ಮಗ ಸೇತನ ವಂಶದ ಮನುಷ್ಯರೇ ಎಂದು ವಾದಿಸಿದ. ಅಷ್ಟರಲ್ಲಿ ಇನ್ನೊಂದು ಕತೆ ಬಲಿತಿತ್ತು. ಆದಾಮ ಹವ್ವರ ಜೀವನ ಎಂಬ ಹಳೆಯ ಕೃತಿಯ ಲ್ಯಾಟಿನ್ ಪಾಠದಲ್ಲಿ, ತನಗಿಂತ ಕಿರಿಯನಾದ ಆದಾಮನಿಗೆ ತಲೆಬಾಗಲು ಒಪ್ಪದೆ ಸೈತಾನ ಸ್ವರ್ಗ ಕಳೆದುಕೊಳ್ಳುತ್ತಾನೆ. ಬೆಂಕಿಯಿಂದ ಹುಟ್ಟಿದ ನಾನು ಮಣ್ಣಿನವನಿಗೆ ಬಾಗುವುದೇ ಎಂದು ಕುರಾನಿನ ಇಬ್ಲೀಸ್ ತಕರಾರು ತೆಗೆಯುವುದೂ ಈ ಜಾಡಿನದೇ. 1667ರಲ್ಲಿ ಮಿಲ್ಟನ್ ಪ್ರಕಟಿಸಿದ ಕಾವ್ಯ ಸೊಕ್ಕಿನ ಸೈತಾನನನ್ನು ಇಂಗ್ಲಿಷ್ ಓದಿದವರ ಮನಸ್ಸಿನಲ್ಲಿ ಕಾಯಂ ಮಾಡಿತು.

ಈ ಬದಲಾವಣೆಯಲ್ಲಿ ಕಳೆದುಹೋದದ್ದು ಸಣ್ಣದಲ್ಲ. ಹಳೆಯ ಕತೆಯಲ್ಲಿ ನೊಂದವರು ಮನುಷ್ಯರು ಮತ್ತು ಭೂಮಿ. ಹೊಸದರಲ್ಲಿ ಪೆಟ್ಟು ಬಿದ್ದದ್ದು ಒಡೆಯನ ಮಾನಕ್ಕೆ. ಮೇಲಿನವರು ಕೆಳಗಿನವರ ಮೇಲೆ ನಡೆಸಿದ ದೌರ್ಜನ್ಯದ ಕತೆ, ಕೆಳಗಿನವನು ಮೇಲಿನವನ ಮಾತು ಮೀರಿದ ಕತೆಯಾಯಿತು. ಅರಮನೆಗೂ ಗುರುಮಠಕ್ಕೂ ಎರಡನೆಯದೇ ಹೆಚ್ಚು ಅನುಕೂಲವಾಗಿತ್ತು ಎಂದರೆ ತಪ್ಪಾಗಲಾರದು.

ನಿಷೇಧಿತ ಗ್ರಂಥ, ಅನ್ಯಗ್ರಹದವರ ಗುಟ್ಟು ಎಂದೆಲ್ಲ ಇಂದು ಯೂಟ್ಯೂಬಿನಲ್ಲಿ ಹನೋಕನ ಹೆಸರು ಕೇಳಿಬರುತ್ತದೆ. ಇಥಿಯೋಪಿಯಾದ ಆರ್ಥಡಾಕ್ಸ್ ಸಭೆಗೆ ಅದು ಎಂದೂ ಕಳೆದುಹೋಗಿರಲಿಲ್ಲ. ಗೀಝ್ ಭಾಷೆಯಲ್ಲಿ ಅವರ ಬೈಬಲಿನ ಭಾಗವಾಗಿಯೇ ಇತ್ತು. ಸ್ಕಾಟ್ಲೆಂಡಿನ ಜೇಮ್ಸ್ ಬ್ರೂಸ್ 1773ರಲ್ಲಿ ಅದರ ಪ್ರತಿಗಳನ್ನು ಯುರೋಪಿಗೆ ಒಯ್ದ, 1821ರಲ್ಲಿ ರಿಚರ್ಡ್ ಲಾರೆನ್ಸ್ ಇಂಗ್ಲಿಷಿಗೆ ತಂದ. ಕುಮ್ರಾನಿನ ನಾಲ್ಕನೆಯ ಗುಹೆಯಲ್ಲಿ ಸಿಕ್ಕ ಅರಾಮಿಕ್ ತುಣುಕುಗಳನ್ನು 1976ರಲ್ಲಿ ವಿದ್ವಾಂಸ ಮಿಲಿಕ್ ಪ್ರಕಟಿಸಿದಾಗ ಕೃತಿ ಎಷ್ಟು ಹಳೆಯದು ಎಂಬುದು ಖಚಿತವಾಯಿತು. ಓದುವ ಮನಸ್ಸಿದ್ದವರು 6ರಿಂದ 16ರವರೆಗಿನ ಅಧ್ಯಾಯಗಳನ್ನು ಮೊದಲು ಓದಿ, ಆಮೇಲೆ 32ನೆಯದನ್ನು. ಉಳಿದದ್ದಕ್ಕೆ ಅವಸರವಿಲ್ಲ.