ಎರಡು ಪಿನ್‌ಕೋಡ್, ನಾಲ್ಕು ಸಾಲಿನ ಪ್ರೋಗ್ರಾಂ

ಒಂದು ಸಂಖ್ಯೆಯ ಅಪವರ್ತನಗಳನ್ನು ಹುಡುಕಲು ಪೈಥಾನ್‌ನಲ್ಲಿ ಮೂರ್ನಾಲ್ಕು ಸಾಲು ಸಾಕು. 1ರಿಂದ ಹಿಡಿದು ಆ ಸಂಖ್ಯೆಯವರೆಗೆ ಪ್ರತಿಯೊಂದರಿಂದಲೂ ಭಾಗಿಸುವುದು, ಶೇಷ ಸೊನ್ನೆಯಾದರೆ ಪರದೆಗೆ ಕಳಿಸುವುದು. ಶೇಷ ಹೇಳುವುದು % ಚಿಹ್ನೆ. ಶೇಕಡಾ ಲೆಕ್ಕಕ್ಕೂ ಅದಕ್ಕೂ ಇಲ್ಲಿ ಸಂಬಂಧವಿಲ್ಲ. 1 ಮತ್ತು ಆ ಸಂಖ್ಯೆ, ಇವೆರಡೇ ಬಂದರೆ ಅದು ಅವಿಭಾಜ್ಯ.

ಪರೀಕ್ಷೆಗೆ ಅವಳಿನಗರದ ಪಿನ್‌ಕೋಡ್‌ಗಳು ಹೇಳಿ ಮಾಡಿಸಿದಂತಿವೆ. ಹುಬ್ಬಳ್ಳಿಯ 580020 ಕೊಟ್ಟರೆ 48 ಅಪವರ್ತನಗಳು ಸಾಲುಗಟ್ಟುತ್ತವೆ, ಅದು 2×2×3×5×7×1381. ಧಾರವಾಡದ 580001 ಕೊಟ್ಟರೆ ಎರಡೇ ಸಾಲು, ಅದು ಅಪ್ಪಟ ಅವಿಭಾಜ್ಯ. ವ್ಯಾಪಾರದ ಊರು ಎಲ್ಲರಿಗೂ ಪಾಲು ಕೊಡುತ್ತದೆ, ಪೇಢೆಯ ಊರು ಯಾರಿಗೂ ಬಗ್ಗುವುದಿಲ್ಲ ಎಂದು ತಮಾಷೆ ಮಾಡಬಹುದು. 1972ರಲ್ಲಿ ಪಿನ್‌ಕೋಡ್ ಜಾರಿಗೆ ತಂದ ಅಂಚೆ ಇಲಾಖೆಗೆ ಇದರ ಪರಿವೆ ಇದ್ದಿರಲಾರದು.

ಪ್ರೋಗ್ರಾಂನ ನಿಜವಾದ ಸೊಗಸು ವರ್ಗಮೂಲದಲ್ಲಿದೆ. ಅಪವರ್ತನಗಳು ಜೋಡಿಯಾಗಿ ಬರುತ್ತವೆ: 580020ರಲ್ಲಿ 420 ಸಿಕ್ಕಿತೆಂದರೆ 1381 ತಾನಾಗಿ ಸಿಕ್ಕಂತೆ. ಜೋಡಿಯಲ್ಲಿ ಚಿಕ್ಕದು ವರ್ಗಮೂಲವನ್ನು ದಾಟುವಂತಿಲ್ಲ. 580001ರ ವರ್ಗಮೂಲ 761ಕ್ಕಿಂತ ತುಸು ಹೆಚ್ಚು. ಆದ್ದರಿಂದ ಅವಿಭಾಜ್ಯವೇ ಎಂದು ತಿಳಿಯಲು ಐದು ಲಕ್ಷ ಎಂಬತ್ತು ಸಾವಿರ ಭಾಗಾಕಾರ ಬೇಡ, 2ರಿಂದ 761ರವರೆಗಿನ 760 ಸಾಕು. 2 ಆದ ಮೇಲೆ ಬೆಸಸಂಖ್ಯೆಗಳನ್ನಷ್ಟೇ ನೋಡಿದರೆ ಬರೀ 381. ಇಷ್ಟು ಸಣ್ಣ ಬದಲಾವಣೆಗೆ ಇಷ್ಟು ದೊಡ್ಡ ಫಲ ಕೊಡುವ ಪಾಠ ಹೊಸಬರಿಗೆ ಬೇರೆ ಸಿಗುವುದು ಕಷ್ಟ.

ಅಪವರ್ತನಗಳನ್ನು ಹೀಗೆ ಜೋಡಿಯಾಗಿ ಪರದೆಗೆ ಕಳಿಸುವಾಗ 484ರಂಥ ವರ್ಗಸಂಖ್ಯೆಗಳಲ್ಲಿ ಮಾತ್ರ ಎಚ್ಚರ ಬೇಕು. ಅಲ್ಲಿ 22ರ ಜೋಡಿಯೂ 22 ಆದ್ದರಿಂದ ಅದು ಎರಡು ಸಲ ಬರುತ್ತದೆ. ತಡೆಯಲು ಇನ್ನೊಂದು ‘ಇಫ್’ ಸಾಲು ಸೇರಿಸಬೇಕು.