ಕರಿಬಾಯಿಯ ಕೆಂಪು ಮಡಕೆ: ರಸಿಕರಿಗೊಂದು ಕೈಪಿಡಿ

ಈಜಿಪ್ಟ್ ಪ್ರವಾಸ ಮುಗಿಸಿ ಬಂದವರ ಫೋನಿನಲ್ಲಿ ಏನೇನು ಚಿತ್ರಗಳಿವೆ ಎಂದು ನೋಡದೆಯೇ ಹೇಳಬಲ್ಲೆ. ಪಿರಮಿಡ್ಡಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದ ಭಂಗಿ, ಒಂಟೆ ಸವಾರಿ, ನೈಲ್ ಕ್ರೂಸು, ಕೊನೆಗೆ ಟೂಟಾಂಖಾಮನ್ನನ ಚಿನ್ನದ ಮುಖವಾಡ. "ನಕಾದದ ಮಡಕೆ ನೋಡಿದಿರಾ?" ಎಂದು ಕೇಳಿದರೆ, "ಮಡಕೆ ನೋಡೋಕೆ ಅಷ್ಟು ದೂರ ಹೋಗ್ಬೇಕಾ ಸಾರ್?" ಎಂದು ನನ್ನನ್ನೇ ಕನಿಕರದಿಂದ ನೋಡುತ್ತಾರೆ. ಹೋಗಬೇಕು. ಚಿನ್ನ ತಾನಾಗಿಯೇ ಹೊಳೆಯುತ್ತದೆ, ಅದರಲ್ಲಿ ಅಕ್ಕಸಾಲಿಗನ ಹೆಚ್ಚುಗಾರಿಕೆ ಅರ್ಧ ಮಾತ್ರ. ನೈಲ್ ನದಿಯ ಕೆಸರನ್ನು ಕನ್ನಡಿಯ ಹತ್ತಿರಕ್ಕೆ ಒಯ್ದವರ ಹೆಸರು ಯಾರಿಗೂ ಗೊತ್ತಿಲ್ಲ, ಅವರ ಮುಂದೆ ಸಾಲು ನಿಲ್ಲುವವರೂ ಇಲ್ಲ. ಬಾದರಿಯ ಮಡಕೆಗಳು ಗೀಝಾದ ದೊಡ್ಡ ಪಿರಮಿಡ್ಡಿಗಿಂತ ಸುಮಾರು 1800 ವರ್ಷ ಹಿರಿಯವು ಎಂದರೂ ಈ ಜನ ಕದಲುವುದಿಲ್ಲ.

ಕಾಲಗಣನೆಯನ್ನು ಒಂದೇ ಉಸಿರಿಗೆ ಹೇಳಿಬಿಡುತ್ತೇನೆ, ಕಾಲಘಟ್ಟಗಳಿಗೆ ಮಡಕೆ ಸಿಕ್ಕ ಊರುಗಳದೇ ಹೆಸರು. ಕ್ರಿ.ಪೂ. 4400ರ ಸುಮಾರಿಗೆ ಬಾದರಿ, 4000ದಿಂದ ನಕಾದ ಒಂದು, 3500ರಿಂದ ನಕಾದ ಎರಡು, ಆಮೇಲೆ ನಕಾದ ಮೂರು, ಅದರ ಕೊನೆಗೆ ಫೇರೋಗಳು. ರಾಜರು ಬಂದ ಮೇಲೆ ಮಡಕೆ ಸೊರಗಿತು ಎಂಬುದು ನನ್ನ ದೃಢ ಅಭಿಪ್ರಾಯ. ಇಲ್ಲಿ ಅದರ ವಾದಕ್ಕೆ ಜಾಗವಿಲ್ಲ.

ನೋಡಬೇಕಾದ್ದು ಒಂದೇ: ಕರಿಬಾಯಿ. ಮೈ ದಟ್ಟ ಕೆಂಪು, ಬಾಯಂಚಿನಿಂದ ಒಂದೆರಡು ಅಂಗುಲ ಕೆಳಗಿನವರೆಗೆ ಅಚ್ಚ ಕಪ್ಪು, ಒಳಮೈಯೂ ಹೆಚ್ಚಾಗಿ ಕಪ್ಪೇ. ಮೊದಲ ಸಲ ನೋಡಿದವರು ಕಪ್ಪು ಬಣ್ಣ ಬಳಿದಿದ್ದಾರೆ ಅಂದುಕೊಳ್ಳುತ್ತಾರೆ. ಬಳಿದದ್ದಲ್ಲ, ಬೆಂಕಿಯ ಕೈಯಲ್ಲಿ ಬರೆಸಿದ್ದು. ಮೆಕ್ಕಲು ಮಣ್ಣನ್ನು ಕೈಯಲ್ಲೇ ಸುರುಳಿ ಸುತ್ತಿ, ತಟ್ಟಿ, ಎತ್ತರಿಸುತ್ತಿದ್ದರು. ತಿಗರಿ ಇನ್ನೂ ಬಂದಿರಲಿಲ್ಲ. ಅರೆ ಒಣಗಿದ ಮೈಗೆ ಕೆಮ್ಮಣ್ಣಿನ ತೆಳು ಲೇಪ ಕೊಟ್ಟು, ನಯವಾದ ಬೆಣಚುಕಲ್ಲಿನಿಂದ ತಿಕ್ಕುತ್ತಿದ್ದರು. ಗಾಜಿನ ಹೊರಗೆ ನಿಂತು ಓರೆಯಾಗಿ ದಿಟ್ಟಿಸಿದರೆ ಆ ತಿಕ್ಕಿನ ಗೆರೆಗಳು ಇವತ್ತಿಗೂ ಒಂದೊಂದಾಗಿ ಕಾಣುತ್ತವೆ. ಮೈಯುದ್ದಕ್ಕೂ ಮೇಲಿಂದ ಕೆಳಕ್ಕೆ ಹೋದ ಗೆರೆ ಬಾಯಂಚಿಗೆ ಬಂದಾಗ ಅಡ್ಡಕ್ಕೆ ತಿರುಗುತ್ತದೆ. ಅಲ್ಲಿ ಒಬ್ಬರು ಮಣಿಕಟ್ಟು ತಿರುಗಿಸಿದ್ದಾರೆ. ಅದನ್ನು ಕಂಡ ಮೇಲೂ "ಮಡಕೆ ತಾನೇ" ಎನ್ನುವವರ ಜೊತೆ ನನಗೆ ಮಾತಿಲ್ಲ.

ಇನ್ನು ಬೆಂಕಿ. ಕೆಮ್ಮಣ್ಣಿನ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡು. ಗಾಳಿ ಧಾರಾಳವಾಗಿ ಆಡಿದರೆ ಅದು ಕೆಂಪಾಗಿಯೇ ಉಳಿಯುತ್ತದೆ. ಗಾಳಿ ಕಟ್ಟಿ ಹೊಗೆ ಮುತ್ತಿದರೆ ಆಕ್ಸೈಡು ಕಪ್ಪಾಗುತ್ತದೆ, ಜೊತೆಗೆ ಮಸಿಯ ಕಣಗಳು ಮಣ್ಣಿನೊಳಕ್ಕೆ ಇಳಿಯುತ್ತವೆ. ಅಂದರೆ ಒಂದೇ ಮಡಕೆಯ ಕೆಳಭಾಗಕ್ಕೆ ಗಾಳಿ ಬೇಕು, ಬಾಯಿಗೆ ಬೇಡ. ಇದನ್ನು ಹೇಗೆ ಸಾಧಿಸಿದರು? ಬಾಯಿ ಕೆಳಗಾಗಿ ಬೂದಿಯಲ್ಲಿ ಹೂತು ಸುಟ್ಟಿದ್ದಾರೆ ಎಂದರು ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ. ಇಲ್ಲ, ಮೊದಲು ಪೂರ್ತಿ ಕೆಂಪಗೆ ಸುಟ್ಟು, ಕೆಂಡದಂತಿರುವಾಗಲೇ ಹೊರತೆಗೆದು ಹೊಟ್ಟಿನ ರಾಶಿಯ ಮೇಲೆ ಬೋರಲು ಹಾಕಿದ್ದಾರೆ ಎಂದರು ಆಲ್ಫ್ರೆಡ್ ಲ್ಯೂಕಸ್. ಬಾಯನ್ನು ಹೊಟ್ಟಿನಲ್ಲೇ ಹುಗಿದು ಒಂದೇ ಸುಡುವಿಕೆಯಲ್ಲಿ ಮುಗಿಸಬಹುದು ಎಂದು ಮಾಡಿ ತೋರಿಸಿದವರೂ ಇದ್ದಾರೆ. ನನ್ನ ಒಲವು ಈ ಕೊನೆಯವರ ಕಡೆಗೆ. ಕಾದ ಮಡಕೆಯನ್ನು ಎತ್ತಿಡುವ ಗಡಿಬಿಡಿಯಲ್ಲಿ ಅಷ್ಟೊಂದು ಮಡಕೆಗಳ ಬಾಯಂಚು ಊನವಿಲ್ಲದೆ ಉಳಿಯುತ್ತಿತ್ತೆ?

ಅಂದಹಾಗೆ, ಈ ಲ್ಯೂಕಸ್ ಯಾರು ಗೊತ್ತೆ? ಹೊವಾರ್ಡ್ ಕಾರ್ಟರ್ ಜೊತೆ ಟೂಟಾಂಖಾಮನ್ನನ ಗೋರಿಯ ವಸ್ತುಗಳನ್ನು ಕಾಪಾಡಿದ ರಸಾಯನಶಾಸ್ತ್ರಜ್ಞ. ಅಷ್ಟೊಂದು ಚಿನ್ನದ ನಡುವೆ ಇದ್ದವರಿಗೂ ಮಡಕೆಯ ಬಾಯಿ ಏಕೆ ಕಪ್ಪು ಎಂಬ ಪ್ರಶ್ನೆ ಕಾಡಿತ್ತು. ಫೋಟೋ ತೋರಿಸುವ ನನ್ನ ಸ್ನೇಹಿತರಿಗೆ ಇದನ್ನು ಒತ್ತಿ ಹೇಳುತ್ತಿರುತ್ತೇನೆ.

ಕಪ್ಪು ಹೊಗೆಯಿಂದ ಬಂದದ್ದಾದ್ದರಿಂದ ಹೊಸಬರು ಮೊದಲು ನೋಡಬೇಕಾದ್ದು ಕೆಂಪು ಮುಗಿದು ಕಪ್ಪು ಶುರುವಾಗುವ ಗಡಿಯನ್ನು. ಅದು ಗೆರೆ ಎಳೆದಂತೆ ಇರುವುದಿಲ್ಲ. ಒಂದು ಕಡೆ ಏರಿ ಇನ್ನೊಂದು ಕಡೆ ಇಳಿಯುತ್ತದೆ, ನಡುವೆ ಕಂದು, ಸೀಸದ ಬೂದು, ಕೆಲವೊಮ್ಮೆ ನೇರಳೆ ಛಾಯೆ. ಆ ಏರಿಳಿತ ಅಂದಿನ ಹೊಟ್ಟಿನ ರಾಶಿಯ ಮಟ್ಟ. ಆಮೇಲೆ ಅಂಚಿನ ದಪ್ಪ ನೋಡಿ, ಕೊನೆಗೆ ಬುಡ. ಬುಡ ಕಿರಿದಾಗಿಯೋ ದುಂಡಾಗಿಯೋ ಇದ್ದರೆ ಅದನ್ನು ಮರಳಿನಲ್ಲಿ ಊರಿ ನಿಲ್ಲಿಸುತ್ತಿದ್ದರು. ಶೋಕೇಸಿನ ಸಮತಟ್ಟು ಗಾಜಿನ ಮೇಲೆ ಊರುಗೋಲು ಕೊಟ್ಟು ನಿಲ್ಲಿಸಿದಾಗ ಪಾಪ, ಅದರ ಅರ್ಧ ಗಾಂಭೀರ್ಯ ಹೋಗಿರುತ್ತದೆ.

ಈ ವಿದ್ಯೆ ನಮಗೆ ಅಪರಿಚಿತವೇನಲ್ಲ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದಾಗ ಬೃಹತ್ ಶಿಲಾ ಸಮಾಧಿಗಳಲ್ಲಿ ಸಿಕ್ಕಿದ್ದು ಇಂಥವೇ ಕಪ್ಪು-ಕೆಂಪು ಮಡಕೆಗಳು. ಮಸ್ಕಿಯಲ್ಲೂ ಅವಿವೆ. ಕಾಲದಲ್ಲಿ ಎರಡು ಸಾವಿರ ವರ್ಷಕ್ಕೂ ಮೀರಿದ ಅಂತರ, ನಡುವೆ ಸಮುದ್ರ. ಈ ಹೋಲಿಕೆಯನ್ನೇ ಹಿಡಿದುಕೊಂಡು ಈಜಿಪ್ಟಿಗೂ ಕರ್ನಾಟಕಕ್ಕೂ ನೆಂಟಸ್ತಿಕೆ ಬೆಳೆಸುವವರಿದ್ದಾರೆ, ಅವರನ್ನು ನಂಬಬೇಡಿ. ಹೊಗೆ ಎಲ್ಲಿದ್ದರೂ ಹೊಗೆಯೇ. ಜಾಣ ಕುಂಬಾರರು ಎರಡೂ ಕಡೆ ಇದ್ದರು, ಅಷ್ಟೇ.

ನನಗೆ ಕಣ್ಣು ತೆರೆದದ್ದು ಲಂಡನ್ನಿನ ಪೆಟ್ರಿ ಮ್ಯೂಸಿಯಮ್ಮಿನಲ್ಲಿ. ಆಗ ಅಲ್ಲಿ ಬೆಳಕು ಮಂದ. ನೋಡಲು ಬಂದವರ ಕೈಗೆ ಮ್ಯೂಸಿಯಮ್ಮಿನವರೇ ಒಂದು ಟಾರ್ಚ್ ಕೊಡುತ್ತಿದ್ದರು. ಬಾದರಿಯ ಒಂದು ಬಟ್ಟಲಿನ ಮೇಲೆ ನೇರವಾಗಿ ಬೆಳಕು ಬಿಟ್ಟೆ, ಸಾದಾ ಕಂದು ಬಟ್ಟಲು. ಟಾರ್ಚನ್ನು ಪಕ್ಕಕ್ಕೆ ಸರಿಸಿದೆ. ಮೈತುಂಬ ಸಣ್ಣ ಸಣ್ಣ ಅಲೆಗಳು ಎದ್ದುಬಂದವು, ಗಾಳಿ ತೀಡಿದ ಮರಳಿನ ಹಾಗೆ. ಹಸಿಯಾಗಿರುವಾಗ ಹಲ್ಲಿರುವ ಸಾಧನದಿಂದ ಬಾಚಿ, ಆ ಏಣುಗಳು ಅಳಿಯದಂತೆ ಮೇಲಿಂದ ತಿಕ್ಕಿ ಹೊಳಪು ಕೊಟ್ಟಿದ್ದರು. ಗೋಡೆಯ ದಪ್ಪ ಕೆಲವೇ ಮಿಲಿಮೀಟರು. 1920ರ ದಶಕದಲ್ಲಿ ಗೈ ಬ್ರಂಟನ್ ಮತ್ತು ಗರ್ಟ್ರೂಡ್ ಕೇಟನ್-ಥಾಮ್ಸನ್ ಬಾದರಿ ಸೀಮೆಯಲ್ಲಿ ಹೊರತೆಗೆದ ಈ ಮಡಕೆಗಳ ನಯವನ್ನು ಮುಂದಿನ ಮೂರು ಸಾವಿರ ವರ್ಷದ ಈಜಿಪ್ಟು ಮೀರಲಿಲ್ಲ. ಅಂದಿನಿಂದ ಯಾವ ಮ್ಯೂಸಿಯಮ್ಮಿಗೆ ಹೋದರೂ ಬೆಳಕು ಎತ್ತ ಕಡೆಯಿಂದ ಬೀಳುತ್ತಿದೆ ಎಂದು ಮೊದಲು ನೋಡುತ್ತೇನೆ.

ಚಿತ್ರದ ಮಡಕೆಗಳ ಬಗ್ಗೆ ಹೇಳಲೇಬೇಕು, ಏಕೆಂದರೆ ಮಡಕೆಗೆ ಒಲಿದವರೂ ಜಾರಿ ಬೀಳುವುದು ಅಲ್ಲೇ. ನಕಾದ ಎರಡರ ಕಾಲದಲ್ಲಿ ಮರುಭೂಮಿಯ ಅಂಚಿನ ಸುಣ್ಣಾಂಶದ ಜೇಡಿಯಿಂದ ತಿಳಿ ಬಣ್ಣದ ಗಡಿಗೆ ಮಾಡಿ, ಅದರ ಮೇಲೆ ಕಡುಗೆಂಪಿನಲ್ಲಿ ಬರೆದರು: ಸಾಲು ಹುಟ್ಟುಗಳ ದೋಣಿ, ದೋಣಿಯ ಮೇಲೆ ಎರಡು ಗೂಡು, ಕೈ ಮೇಲೆತ್ತಿದ ಹೆಂಗಸು, ಉದ್ದ ಕತ್ತಿನ ಹಕ್ಕಿಗಳು, ತ್ರಿಕೋನದ ಬೆಟ್ಟಗಳು. ಪೋಸ್ಟ್‌ಕಾರ್ಡಿಗೆ ಹೇಳಿ ಮಾಡಿಸಿದ ಸರಕು. ಆ ಹೆಂಗಸು ದೇವಿಯೋ ನರ್ತಕಿಯೋ ಎಂದು ಪಂಡಿತರು ಬಡಿದಾಡುತ್ತಾರೆ, ಬಡಿದಾಡಲಿ. ಆದರೆ ಜನರ ಈ ಚಿತ್ರದ ಹುಚ್ಚು ಏನು ಮಾಡಿತು ನೋಡಿ. ವ್ಯಾಪಾರಿಗಳು ಬೋಳು ಮಡಕೆಗಳ ಮೇಲೆ ಹೊಸದಾಗಿ ದೋಣಿ, ಹಕ್ಕಿ ಬರೆಸಿ ಮಾರತೊಡಗಿದರು. ಮಡಕೆ ಅಸಲಿ, ಚಿತ್ರ ನಕಲಿ. 1934ರಲ್ಲೇ ಬ್ರಂಟನ್ ಇದರ ಮೇಲೊಂದು ಲೇಖನ ಬರೆಯಬೇಕಾಯಿತು. ಕರಿಬಾಯಿಯನ್ನು ಮೆಚ್ಚಲು ಕಲಿತವರಿಗೆ ಇಂಥ ಟೋಪಿ ಹಾಕುವುದು ಕಷ್ಟ. ನಕಾದ ಎರಡಕ್ಕೂ ಹಿಂದೆ ಕೆಂಪು ಮೈಯ ಮೇಲೆ ಬಿಳಿಯಲ್ಲಿ ನೀರಾನೆ, ಮೊಸಳೆ ಬರೆದವರಿದ್ದರು. ಅವರ ಕೈ ನನಗೆ ಹೆಚ್ಚು ಇಷ್ಟ, ಮಾತು ಕಡಿಮೆ.

ಅಲೆಹಿಡಿಕೆಯ ಜಾಡಿಯೂ ಗಮನಕ್ಕೆ ಬರಲಿ. ಪ್ಯಾಲೆಸ್ಟೈನ್ ಕಡೆಯಿಂದ ಬಂದ ರೂಪ ಅದು. ಮೊದಮೊದಲು ಇಕ್ಕೆಲದಲ್ಲಿ ನಿಜಕ್ಕೂ ಎತ್ತಬಹುದಾದ ದಪ್ಪ ಹಿಡಿಕೆ, ಜಾಡಿಯೂ ಡುಮ್ಮ. ತಲೆಮಾರು ಕಳೆದಂತೆ ಜಾಡಿ ಸಣ್ಣಗಾಗಿ, ಹಿಡಿಕೆ ಮೈಗಂಟಿ, ಕೊನೆಗೆ ಕೊಳವೆಯಂಥ ಜಾಡಿಯ ಸುತ್ತ ಒಂದು ಅಂಕುಡೊಂಕು ಗೆರೆಯಾಗಿ ಉಳಿಯಿತು, ಆಮೇಲೆ ಅದೂ ಮಾಯ. ಒಳಗಿನ ಕತೆಯೂ ಹೀಗೆಯೇ. ಗೋರಿಯಲ್ಲಿಟ್ಟ ಹಳೆಯ ಜಾಡಿಗಳಲ್ಲಿ ಪರಿಮಳದ ಕೊಬ್ಬು, ಕೊನೆಕೊನೆಗೆ ಬರೀ ಮಣ್ಣು. ಸತ್ತವರು ದೂರು ಕೊಡುವುದಿಲ್ಲವಲ್ಲ! ಸುಮಾರು 900 ಗೋರಿಗಳಿಗೆ ಒಂದೊಂದು ಚೀಟಿ ಬರೆದು, ಈ ಹಿಡಿಕೆ ಸವೆದ ಕ್ರಮವನ್ನೇ ದಾರವಾಗಿಟ್ಟುಕೊಂಡು ಪೆಟ್ರಿ ಇಡೀ ಕಾಲವನ್ನು ಸಾಲುಗೂಡಿಸಿದರು. ಬರಹವಿಲ್ಲದ ಕಾಲಕ್ಕೆ ಪಂಚಾಂಗ ಬರೆದದ್ದು ಹಾಗೆ. ಸಾಲಿನ ಅಂಕಿಯನ್ನು ಅವರು 30ರಿಂದ ಶುರು ಮಾಡಿದರು, ಇನ್ನೂ ಹಳೆಯದು ಸಿಕ್ಕೀತು, ಜಾಗ ಇರಲಿ ಎಂದು. ಸಿಕ್ಕಿತು ಕೂಡ: ಬಾದರಿ.

ಬಳಕೆ? ನಾವು ನೋಡುವ ಚೆಂದದ ಮಡಕೆಗಳಲ್ಲಿ ಹೆಚ್ಚಿನವು ಗೋರಿಯಿಂದ ಬಂದವು. ಮೊಣಕಾಲು ಮಡಚಿ, ತಲೆ ದಕ್ಷಿಣಕ್ಕೆ, ಮುಖ ಪಶ್ಚಿಮಕ್ಕೆ ಮಾಡಿ ಮಲಗಿಸಿದ ದೇಹದ ಸುತ್ತ ಇಟ್ಟವು. ಅಡುಗೆಮನೆಯಲ್ಲಿ ದುಡಿದದ್ದು ಹೊಟ್ಟು ಬೆರೆಸಿದ ಒರಟು ಮಡಕೆ. ಹಿಯರಾಕೊನ್‌ಪೊಲಿಸ್‌ನಲ್ಲಿ ಬಿಯರ್ ಕಾಯಿಸಿದ ದೊಡ್ಡ ಹರವಿಗಳು ಸಿಕ್ಕಿವೆ. ಅದೇ ಊರಿನಲ್ಲಿ ಮೈಕಲ್ ಹಾಫ್‌ಮನ್ ಒಬ್ಬ ಕುಂಬಾರನ ಸುಟ್ಟ ಮನೆಯನ್ನು ಅಗೆದು ತೆಗೆದರು. ಆವಿಗೆ ಮನೆಗೆ ತೀರ ಹತ್ತಿರವಿತ್ತು, ಕಿಡಿ ಹಾರಿರಬೇಕು.

ಲಂಡನ್ನಿಗೆ ಹೋಗುವ ಕನ್ನಡಿಗರು ಬೇಕಾದಷ್ಟು ಜನ. ಬ್ರಿಟಿಷ್ ಮ್ಯೂಸಿಯಮ್ಮಿನ ಮಮ್ಮಿಗಳ ಮುಂದಿನ ನೂಕುನುಗ್ಗಲಿನಿಂದ ಹೊರಬಿದ್ದು ಸ್ವಲ್ಪ ನಡೆದರೆ ಯೂನಿವರ್ಸಿಟಿ ಕಾಲೇಜಿನ ಆವರಣದಲ್ಲೇ ಪೆಟ್ರಿ ಮ್ಯೂಸಿಯಂ ಇದೆ. ಅರ್ಧ ದಿನ ಬಿಡುವು ಮಾಡಿಕೊಂಡು ಹೋಗಿ. ಪ್ರವೇಶ ಉಚಿತ.